ಮುಚ್ಚಲಾಗಿದೆ

"ಅಣ್ಣಾ, ನಾಲಿಗೆ ಬಾಡಿಗೆಗೆ ಕೊಟ್ಟಿದ್ದೀರೋ, ಪೂರ್ತಿ ಮಾರೇಬಿಟ್ರೋ?"

ಪತ್ರಿಕಾಗೋಷ್ಠಿಯ ಮುಂದಿನ ಸಾಲಿನಲ್ಲಿದ್ದ ವರದಿಗಾರ್ತಿ ಹೀಗೆ ಕೇಳಿದಾಗ ಕ್ಯಾಮೆರಾದವರೂ ನಕ್ಕರು. ಆರೋಗ್ಯ ಇಲಾಖೆಯ ಸಂಪರ್ಕಾಧಿಕಾರಿ ತಾನೇ ಬರೆದ ಪ್ರಕಟಣೆಯಿಂದ ತಲೆ ಎತ್ತಲಿಲ್ಲ. ಅದರಲ್ಲಿದ್ದದ್ದು ಇಷ್ಟೇ: ಬಡಾವಣೆಯ ಹೆರಿಗೆ ಆಸ್ಪತ್ರೆಯನ್ನು ಮುಚ್ಚಲಾಗಿದೆ.

ಸರ್ಕಾರದ ನೀತಿಗಳ ಬಗ್ಗೆ ಬರೆಯುತ್ತ ಪತ್ರಿಕೆಯಲ್ಲೇ ಕೂದಲು ನರೆಸಿಕೊಂಡವನು ಅವನು. ಈ ಹುಡುಗಿಗೆ ಕೆಲಸ ಕಲಿಸಿದವನೂ ಅವನೇ. ಅವಳ ವರದಿಯಲ್ಲಿ 'ಲಾಗಿದೆ' ಕಂಡರೆ ಸಾಕು, ಕೆಂಪು ಗೀಟು ಎಳೆಯುತ್ತಿದ್ದ. "ಮಾಡಲಾಗಿದೆ ಅಂದ್ರೆ ಏನಮ್ಮಾ? ದೆವ್ವ ಬಂದು ಮಾಡಿ ಹೋಯ್ತಾ? ಮಾಡಿದವನ ಹೆಸರು ಬರಿ" ಎನ್ನುತ್ತಿದ್ದ. ಪತ್ರಿಕೆ ಸರ್ಕಾರಿ ನೀತಿಗಳ ಪುಟವನ್ನೇ ಕೈಬಿಟ್ಟ ಮೇಲೆ ಹೊಟ್ಟೆಪಾಡಿಗೆ ಈ ಕುರ್ಚಿ ಹಿಡಿದ. ಇಲ್ಲಿ ಹೆಸರು ಬರೆದರೆ ಕೆಲಸ ಹೋಗುತ್ತದೆ.

ಆಸ್ಪತ್ರೆ ಮುಚ್ಚಿಸಿದ ಇಲಾಖೆಯ ನಿರ್ದೇಶಕರು ಪಕ್ಕದಲ್ಲೇ ಕೂತು ಫೋನ್ ಉಜ್ಜುತ್ತಿದ್ದರು. "ಯಾರ ತೀರ್ಮಾನ ಅಂತ ಕೇಳ್ತಿದ್ದಾರಲ್ರೀ, ಏನಾದ್ರೂ ಹೇಳಿ ಸಾಗಹಾಕಿ" ಎಂದು ಗೊಣಗಿದರು.

"ಮೇಲಿನ ಮಟ್ಟದಲ್ಲಿ ತೀರ್ಮಾನಿಸಲಾಗಿದೆ" ಎಂದ ಅವನು, ದಣಿದ ದನಿಯಲ್ಲಿ. ಈ ಸಲ ಯಾರೂ ನಗಲಿಲ್ಲ.

ಗೋಷ್ಠಿ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳು ಅಡ್ಡ ನಿಂತಳು.

"ನಾಲ್ಕು ಜನರ ಮುಂದೆ ಹಾಗಂದಿದ್ದು ತಪ್ಪು, ಅಣ್ಣಾ. ಆದ್ರೆ ನಮ್ಮಕ್ಕನಿಗೆ ದಿನ ತುಂಬಿದೆ, ಇನ್ನೊಂದು ಆಸ್ಪತ್ರೆ ಇರೋದು ಊರಾಚೆ. ಯಾರು ಮುಚ್ಚಿಸಿದ್ದು ಅಂತ ಹೇಳಿ ಸಾಕು. ನಿಮ್ಮನ್ನ ನಡುವೆ ಎಳೆಯಲ್ಲ."

ಹೆಸರು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ನಿರ್ದೇಶಕರ ಬೂಟಿನ ಸದ್ದೂ ಬಂತು. ಅವನು ಪ್ರಕಟಣೆಯ ಉಳಿದ ಪ್ರತಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವಳ ಪಕ್ಕದಿಂದ ನುಸುಳಿ, ಮೆಟ್ಟಿಲಿಳಿದು ಹೋದ.