ದಾಸನ ‘ಅಮೆರಿಕ’ ರಾಗ

ದಾಸ ಕುಸಿದದ್ದು ೨೦೦೧ರ ಮೇ ತಿಂಗಳ ಒಂದು ಸಂಜೆ, ಮಂಕಿ ಊರಿನ ಒಂದು ಮದುವೆ ದಿಬ್ಬಣದ ಮುಂದೆ, ಟ್ರಂಪೆಟ್ ತುಟಿಯಲ್ಲಿರುವಾಗಲೇ. ದೇಹ ಹೊನ್ನಾವರದ ಮನೆಗೆ ಬಂದದ್ದು ಕತ್ತಲಾದ ಮೇಲೆ. ಬೆಳಿಗ್ಗೆ ಚಟ್ಟ ಕಟ್ಟಿ ಮುಗಿದಾಗ ಅವನ ಬ್ಯಾಂಡಿನ ಕುಪ್ಪ ಆ ಟ್ರಂಪೆಟ್ಟನ್ನು ಒರೆಸಿ ಪೆಟ್ಟಿಗೆಯೊಳಗೆ ಇಡುತ್ತಿದ್ದ. ದಾಸನ ಹೆಂಡತಿ ಗಂಗೆ ಅವನ ಕೈ ಹಿಡಿದಳು.

“ಅದ್ನ ಒಳಗಿಡ್ಬೇಡ. ಇವತ್ತು ‘ಅಮೆರಿಕ’ ಬಾರ್ಸ್ಬೇಕು.”

‘ಅಮೆರಿಕ’ ಎಂದರೆ ಮದುಮಗಳು ಗಂಡನ ಮನೆಗೆ ಬರುವಾಗ ಬಾರಿಸುವ ರಾಗ. ಕುಮಟಾದಿಂದ ಭಟ್ಕಳದವರೆಗೆ ಜನ ದಾಸನ ಬ್ಯಾಂಡನ್ನು ಹುಡುಕಿಕೊಂಡು ಬರುತ್ತಿದ್ದದ್ದೇ ಅದಕ್ಕಾಗಿ.

“ತಲೆ ಸಮ ಉಂಟನೇ ಅತ್ಗೆ? ಹೆಣದ ಮುಂದೆ ಅದ್ನ ಬಾರ್ಸಿದ್ರೆ ನಾಳೆ ಮದ್ವೆಗೆ ನಮ್ಮನ್ನ ಯಾರು ಕರೀತಾರೆ?” ಎಂದ ಕುಪ್ಪ.

“ನಿನ್ನ ಊದಾಟ ಕೇಳಿದ್ರೆ ಹೆಂಗೂ ಕರಿಯೂದಿಲ್ಲ ಮಾರಾಯ,” ಎಂದ ಡೋಲಿನ ಜಟ್ಟಿ.

ಗಂಗೆ ಟೇಪ್‌ರೆಕಾರ್ಡರನ್ನು ತಂದು ಜಗಲಿಯ ಮೇಲಿಟ್ಟಳು. “ಒಂದ್ಸಲ ಕೇಳು. ಆಮೇಲೂ ಬೇಡ ಅಂದ್ರೆ ಆತು.”

*

ನಾಲ್ಕು ವರ್ಷಗಳ ಹಿಂದೆ, ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ, ಟ್ರಂಪೆಟ್ಟಿನ ಚಿತ್ರ ಕಂಡು ದಾಸ ಆ ಕ್ಯಾಸೆಟ್ಟನ್ನು ಎತ್ತಿಕೊಂಡಿದ್ದ.

“ಅಮೆರಿಕದ ಸಿಂಫನಿ. ನೂರು ಜನ ಬಾರಿಸ್ತಾರೆ, ಒಬ್ಬನೂ ಹಾಡೂದಿಲ್ಲ,” ಎಂದ ಅಂಗಡಿಯವ.

“ಒಳ್ಳೇದೇ ಆತು. ನಾನೂ ಹಾಡೂದಿಲ್ಲ.”

ಮನೆಗೆ ತಂದು ಹಾಕಿದಾಗ, ಮೊದಲೆರಡು ಭಾಗಗಳಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರವಿತ್ತು; ತಾಳ ಎಡವುತ್ತಲೇ ಕುಣಿಯುತ್ತಿತ್ತು. ಮೂರನೆಯದರಲ್ಲಿ ಪಿಟೀಲುಗಳು ತಗ್ಗಿ ಒಂದೇ ಸ್ವರವನ್ನು ಹಿಡಿದು ನಿಂತವು. ಅವುಗಳ ಮೇಲೆ ಒಂಟಿ ಟ್ರಂಪೆಟ್ ಏರಿತು, ತುದಿ ಮುಟ್ಟದೆ ಇಳಿಯಿತು, ಮತ್ತೆ ಏರಿತು.

ಮೀನು ಕೊಯ್ಯುತ್ತಿದ್ದ ಗಂಗೆ ಕತ್ತಿ ಕೆಳಗಿಟ್ಟಳು. “ಯಾರು ಸತ್ತದ್ದು?”

“ಯುದ್ಧಕ್ಕೆ ಹೋದವ್ರಂತೆ. ಅಂಗಡಿಯವ ಕವರ್ ಓದಿ ಹೇಳ್ದ.”

ಆಮೇಲೆ ಅವನು ಕಾಲಿನಲ್ಲಿ ಚುರುಕಾಗಿ ತಾಳ ಹಾಕುತ್ತ ಅವೇ ಸ್ವರಗಳನ್ನು ಊದಿದ. ಗಂಗೆಗೆ ನಗು ಬಂತು.

“ಕಂಡ್ಯನೇ? ಅವಸರ ಮಾಡಿದ್ರೆ ಅದು ಅಳೂದ್ನ ಮರೀತದೆ. ನಾ ಹೋದಾಗ ಮಾತ್ರ ಅವಸರ ಬೇಡ.”

*

ಟೇಪು ನಿಂತಿತು. ಜಟ್ಟಿ ಡೋಲಿನ ಮೇಲೆಯೇ ಕುಳಿತುಬಿಟ್ಟ. ಕುಪ್ಪ ಗಂಗೆಯತ್ತ ತಿರುಗಿದ.

“ಇದು ನಮ್ದೇ ‘ಅಮೆರಿಕ’ ಅಲ್ಲನ? ಅಯ್ಯೋ, ಇಷ್ಟ್ ವರ್ಷ ಮದ್ಮಕ್ಕಳ ಮುಂದೆ ನಾವು ಬಾರ್ಸಿದ್ದು ಎಂತದ್ನ?”

“ಅದೇ,” ಎಂದಳು ಗಂಗೆ. “ಇವತ್ತು ಅದು ಇದ್ದ ಹಾಂಗೇ ಊದು.”

ಚಟ್ಟ ಎದ್ದಿತು. ಕುಪ್ಪ ನಾಲ್ಕು ಹೆಜ್ಜೆಗೆ ಒಂದು ಸ್ವರದಂತೆ ಊದಿದ. ಬೀದಿಯವರು ಗುರುತು ಹಿಡಿದೇ ಹಿಡಿಯುತ್ತಾರೆಂದು ಹೆದರಿ, ಯಾರ ಮುಖವನ್ನೂ ನೋಡದೆ ನಡೆದ. ಬಂದರಿನ ತಿರುವಿನಲ್ಲಿ ಹೆಂಗಸರ ನಡುವೆ ಅವನ ಹೆಂಡತಿ ಮಾದೇವಿ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳನ್ನು ಕೇಳಿದಳು:

“ಇದ್ಯಾವ ರಾಗವೇ? ಕರುಳು ಕಿತ್ತು ಬರ್ತದೆ. ನಾ ಒಂದಿನವೂ ಕೇಳಿದ್ದಲ್ಲ.”

ಹಿಂದಿನ ವರ್ಷ ಅದೇ ತಿರುವಿನಲ್ಲಿ, ಅದೇ ರಾಗದ ಹಿಂದೆ ನಡೆದು ಅವಳು ಕುಪ್ಪನ ಮನೆ ಸೇರಿದ್ದಳು.