ಮೂರನೇ ಸಾಲಿನ ಮೂವರು

2009ರ ಏಪ್ರಿಲ್‌ನಲ್ಲಿ ಪ್ರೇರಿ ಕ್ರೇನ್ಸ್ ಐಸ್ ಹಾಕಿ ತಂಡ ಋತುವಿನ ಕೊನೆಯ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತು ಗಂಟುಮೂಟೆ ಕಟ್ಟಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಏಳನೇ ಪಂದ್ಯದಲ್ಲಿ ಮೂರು ಅವಧಿಗಳಲ್ಲಿ ಎರಡು ಮುಗಿಯುವವರೆಗೂ ಮುಂದಿದ್ದವರು ಕೊನೆಯ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟಿದ್ದರು. ಐಸ್ ಹಾಕಿಯಲ್ಲಿ ಒಂದು ಸಲಕ್ಕೆ ಮೂವರು ಫಾರ್ವರ್ಡ್‌ಗಳು ಇಳಿಯುತ್ತಾರೆ. ಮುಕ್ಕಾಲು ನಿಮಿಷ ಪ್ರಾಣ ಒತ್ತೆಯಿಟ್ಟು ಆಡಿ, ಇನ್ನೊಂದು ಸಾಲಿನ ಮೂವರಿಗೆ ಜಾಗ ಬಿಟ್ಟು, ಬೆಂಚಿಗೆ ಬಂದು ಏದುಸಿರು ಬಿಡುತ್ತಾರೆ. ಅಂಥ ನಾಲ್ಕು ಸಾಲು ಇರಬೇಕು. ಕ್ರೇನ್ಸ್‌ನಲ್ಲಿ ಗಟ್ಟಿಯಾಗಿದ್ದದ್ದು ಎರಡೇ. ಉಳಿದವರನ್ನು ಇಳಿಸಲು ಕೋಚ್‌ಗೆ ಧೈರ್ಯವಿಲ್ಲ. ಆಡಿದವರೇ ಆಡಿ ಆಡಿ, ಏಳನೇ ಪಂದ್ಯದ ಹೊತ್ತಿಗೆ ಕಾಲು ಸೋತುಹೋಗಿದ್ದವು.

ಸುಚೇತಾ ಇದನ್ನೆಲ್ಲ ಟಿಕೆಟ್ ಕೌಂಟರಿನ ಪಕ್ಕದ ಗಾಜಿನ ಹಿಂದೆ ನಿಂತು ನೋಡಿದ್ದಳು. ಷಿಕಾಗೋದ ವಾಯವ್ಯಕ್ಕೆ, ಹಾಫ್‌ಮನ್ ಎಸ್ಟೇಟ್ಸ್‌ನ ಅಂಚಿನಲ್ಲಿದ್ದ ಆ ಐಸ್ ಅಂಗಳದಲ್ಲಿ, ಅಂದರೆ ರಿಂಕಿನಲ್ಲಿ, ಅವಳು ಆರು ವರ್ಷದಿಂದ ಕೆಲಸಕ್ಕಿದ್ದಳು. ಟಿಕೆಟ್ ಮಾರುವುದು, ಬಸ್ಸು ಗೊತ್ತುಮಾಡುವುದು, ಆಟಗಾರರ ಒಪ್ಪಂದ ಟೈಪು ಮಾಡುವುದು ಎಲ್ಲವೂ ಅವಳ ಪಾಲಿಗೆ. ಸಣ್ಣ ಲೀಗಿನ ಸಣ್ಣ ತಂಡ. ಮಾಲೀಕ ಹ್ಯಾಂಕ್ ಬ್ರಾಂಟ್ ಎಲ್ಜಿನ್‌ನಲ್ಲಿ ಮನೆಗಳನ್ನು ಬೆಚ್ಚಗಿಡುವ ಫರ್ನೇಸ್ ರಿಪೇರಿಯ ಕಂಪನಿ ಇಟ್ಟುಕೊಂಡಿದ್ದವನು. ಹಾಕಿ ಅವನ ಖಯಾಲಿ. ರಿಸೆಷನ್ ಬಂದ ಮೇಲೆ ಅರ್ಧ ಸೀಟು ಖಾಲಿ ಹೊಡೆಯತೊಡಗಿ, ಮೇ ತಿಂಗಳಲ್ಲಿ ಅವನು ಮ್ಯಾನೇಜರನನ್ನು ಕೆಲಸದಿಂದ ಬಿಡಿಸಿದ. ಮಾರನೇ ದಿನ ಸುಚೇತಾಳನ್ನು ಕರೆದು, ಈ ಬೇಸಿಗೆ ಆಟಗಾರರನ್ನು ಹುಡುಕುವ ಕೆಲಸ ನಿನ್ನದು ಎಂದ. ಮೊದಲೆರಡು ಸಾಲು ಹಾಗೇ ಇರುತ್ತವೆ, ಇನ್ನು ಮೂವರು ಫಾರ್ವರ್ಡ್‌ಗಳಿಗೆ ಸಂಬಳ ಕೊಡುವುದಷ್ಟೇ ನನ್ನ ಕೈಲಾಗುತ್ತದೆ, ಯಾರು ಎಂಬುದನ್ನು ನೀನೇ ನೋಡಿಕೋ ಎಂದ.

ಕೋಚ್‌ಗೆ ಬೇಕಾದದ್ದು ಮೂವರಲ್ಲ, ಒಬ್ಬ. ಡೆಟ್ರಾಯಿಟ್ ಕಡೆಯ ಒಂದು ತಂಡ ಆ ಚಳಿಗಾಲದಲ್ಲಿ ಬಾಗಿಲು ಮುಚ್ಚಿತ್ತು. ಅದರ ಆಟಗಾರರೆಲ್ಲ ಈಗ ಫ್ರೀ ಏಜೆಂಟ್‌ಗಳು, ಅಂದರೆ ಯಾರ ಹಂಗೂ ಇಲ್ಲದೆ ಯಾವ ತಂಡವನ್ನಾದರೂ ಸೇರಬಹುದಾದವರು. ಅವರಲ್ಲಿ ಕೈಲ್ ಡುಮಾಂಟ್ ಎಂಬವನು ಹಿಂದಿನ ಋತುವಿನಲ್ಲಿ ನಲವತ್ತೊಂದು ಗೋಲು ಹೊಡೆದಿದ್ದ. ಅವನನ್ನು ತಂದುಕೊಡು ಸಾಕು, ಇನ್ನೇನೂ ಕೇಳುವುದಿಲ್ಲ ಎಂದು ಕೋಚ್ ಕೂತಲ್ಲಿ ನಿಂತಲ್ಲಿ ಹೇಳತೊಡಗಿದ.

ಡೆಟ್ರಾಯಿಟ್ ಎಂದರೆ ಸುಚೇತಾಳಿಗೆ ತವರು. ಹುಟ್ಟಿ ಬೆಳೆದದ್ದು ಅದರ ಪಕ್ಕದ ಟ್ರಾಯ್‌ನಲ್ಲಿ. ಅಪ್ಪ ಶೇಷಗಿರಿ ಮೈಸೂರಿನಿಂದ ಬಂದು ಇಪ್ಪತ್ತೇಳು ವರ್ಷ ಒಂದು ಕಾರ್ ಕಂಪನಿಯಲ್ಲಿ ಬಾಳಿಕೆ ಪರೀಕ್ಷೆಯ ಎಂಜಿನಿಯರ್ ಆಗಿದ್ದವರು. ಕಾರಿನ ಬಾಗಿಲನ್ನು ಲಕ್ಷ ಸಲ ತೆಗೆದು ಮುಚ್ಚಿ, ಯಾವ ಭಾಗ ಮೊದಲು ಸವೆಯುತ್ತದೆ ಎಂದು ಕಂಡುಹಿಡಿಯುವುದೇ ಅವರ ಜೀವಮಾನದ ಕೆಲಸ. ಹಿಂದಿನ ಡಿಸೆಂಬರಿನಲ್ಲಿ ಕಂಪನಿ ಅವರಿಗೂ ಲ್ಯಾಬಿನ ಅರ್ಧ ಜನಕ್ಕೂ ಇಷ್ಟು ಅಂತ ಕೊಟ್ಟು ಮನೆಗೆ ಕಳಿಸಿತ್ತು. ಅಮ್ಮ ಪದ್ಮ ಫಾರ್ಮಸಿಸ್ಟ್, ಇನ್ನೂ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಬರುತ್ತೇನೆಂದು ಫೋನ್ ಮಾಡಿದಾಗ ಅಮ್ಮನ ದನಿ ತಗ್ಗಿತು.

"ನಿಮ್ಮಪ್ಪ ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ಎ ಬಿ ಸಿ ಡಿ ಪ್ರಕಾರ ಜೋಡಿಸಿದಾರೆ ಕಣೇ. ಹಿಂಗು ಎಲ್ಲಿದೆ ಅಂತ ನಾನು ಅವರನ್ನ ಕೇಳ್ಬೇಕು. ನೀನು ಹೋಗೋ ಕಡೆ ಕರ್ಕೊಂಡು ಹೋಗು, ಪುಣ್ಯ ಬರತ್ತೆ."

ಹೀಗಾಗಿ ಜೂನ್‌ನ ಒಂದು ಶನಿವಾರ ಅಪ್ಪ ಮಗಳು ಟ್ರಾಯ್ ಹತ್ತಿರದ ಫ್ರೇಜರ್‌ನ ಒಂದು ರಿಂಕಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತರು. ಹೊರಗೆ ಎಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಮಂಜು. ಕೆಲಸ ಕಳೆದುಕೊಂಡ ಆಟಗಾರರು ಮೈ ಸಡಿಲವಾಗದಿರಲೆಂದು ಅಲ್ಲಿ ವಾರಕ್ಕೆರಡು ಸಲ ತಮ್ಮತಮ್ಮಲ್ಲೇ ಆಡುತ್ತಿದ್ದರು. ಹೀಗೆ ಒಟ್ಟಿಗೆ ಕೂತದ್ದು ಅವರಿಬ್ಬರಿಗೆ ಹೊಸದೇನಲ್ಲ. ಒಂಬತ್ತನೇ ವಯಸ್ಸಿನಲ್ಲಿ ಸುಚೇತಾ ಹಟ ಹಿಡಿದು ಹುಡುಗರ ಜೊತೆ ಹಾಕಿ ಕಲಿತಾಗ, ಭಾನುವಾರ ಬೆಳಗಾಗುವ ಮೊದಲೇ ಫ್ಲಾಸ್ಕಿನಲ್ಲಿ ಬಿಸಿ ಹಾಲು ತುಂಬಿಕೊಂಡು ಕರೆದೊಯ್ಯುತ್ತಿದ್ದವರು ಅಪ್ಪ. ಹದಿಮೂರಕ್ಕೆ ಹುಡುಗರು ಮೈಮೇಲೆ ಬಿದ್ದು ಆಡಲು ಶುರುಮಾಡಿದಾಗ ಅಮ್ಮ ಬೇಡವೆಂದಳು, ಅಲ್ಲಿಗೆ ನಿಂತಿತು.

ಡುಮಾಂಟ್ ಆಟ ನಿಜಕ್ಕೂ ಕಣ್ಣಿಗೆ ಹಬ್ಬ. ಪಕ್ ಎಂಬ ಆ ರಬ್ಬರ್ ಬಿಲ್ಲೆಯನ್ನು ಅಟ್ಟಿಕೊಂಡು ಹೋಗಿ ಅರ್ಧ ಗಂಟೆಯಲ್ಲಿ ಮೂರು ಗೋಲು ಹೊಡೆದ. ಸುಚೇತಾ ಮನಸ್ಸಿನಲ್ಲೇ ಒಪ್ಪಂದ ಟೈಪು ಮಾಡತೊಡಗಿದ್ದಳು. ಅಪ್ಪ ಮಾತ್ರ ಗೋಲಿನ ಕಡೆ ನೋಡುತ್ತಲೇ ಇರಲಿಲ್ಲ. ಕೈಯಲ್ಲೊಂದು ಸ್ಟಾಪ್‌ವಾಚ್ ಹಿಡಿದು, ಬೆಂಚಿನಿಂದ ಇಳಿಯುವವರನ್ನೂ ವಾಪಸು ಬರುವವರನ್ನೂ ನೋಡುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಬಾಯಿ ಬಿಟ್ಟರು.

"ಮೂರು ಗೋಲಿನವನು ಒಂದ್ ಸಲ ಇಳಿದ್ರೆ ಒಂದೂ ಕಾಲು ನಿಮಿಷ ವಾಪಸ್ ಬರಲ್ಲ. ಕೊನೇ ಅರ್ಧ ನಿಮಿಷ ಸುಮ್ನೆ ಜಾರ್ತಾ ಇರ್ತಾನೆ, ಅವನ ಕೆಲಸ ಬೇರೆಯವರು ಮಾಡ್ತಾರೆ. ಆ ಇಪ್ಪತ್ತೆರಡನೇ ನಂಬರ್ ನೋಡು. ಪ್ರತಿ ಸಲ ನಲವತ್ತು ಸೆಕೆಂಡಿಗೆ ವಾಪಸ್. ಅವನು ಬೆಂಚಿಗೆ ಬರೋವಾಗ ಪಕ್ ಯಾವಾಗ್ಲೂ ತನ್ನ ಗೋಲಿಂದ ದೂರ, ಎದುರಿನವರ ಮೂಲೇಲಿರತ್ತೆ."

"ಅವನು ಹೋದ ವರ್ಷ ಒಂಬತ್ತೇ ಗೋಲು ಹೊಡೆದಿರೋದು ಅಪ್ಪ."

"ಇರ್ಲಿ. ನೀನು ಎಷ್ಟು ಹೊಡೀತಿದ್ದೆ? ನೀನು ಮೂರನೇ ಸಾಲಿನವಳೇ ತಾನೆ. ನಿನ್ನ ಆಟ ನೋಡೋಕೆ ನಾನು ಬರ್ತಿರ್ಲಿಲ್ವಾ?"

ಏಪ್ರಿಲ್‌ನ ಆ ಕೊನೆಯ ಇಪ್ಪತ್ತು ನಿಮಿಷ ಸುಚೇತಾಳ ಕಣ್ಣಮುಂದೆ ಬಂತು. ಅವತ್ತು ಕ್ರೇನ್ಸ್‌ಗೆ ಗೋಲು ಹೊಡೆಯುವವರ ಕೊರತೆ ಇರಲಿಲ್ಲ. ಹೊಡೆಯುವವರಿಗೆ ಉಸಿರು ತೆಗೆದುಕೊಳ್ಳಲು ಬಿಡುವ ಜನ ಇರಲಿಲ್ಲ. ಡುಮಾಂಟ್‌ನ ಏಜೆಂಟ್ ಜೊತೆಗೂ ಮಾತಾಡಿದಳು. ಮೊದಲ ಸಾಲಿನಲ್ಲೇ ಆಡಿಸುತ್ತೇವೆಂದು ಬರೆದುಕೊಡಬೇಕು, ಮೂವರಿಗೆ ಇಟ್ಟ ಹಣವೆಲ್ಲ ಅವನೊಬ್ಬನಿಗೇ ಹೋಗಬೇಕು ಎಂದು ಆ ಮನುಷ್ಯ ಹೇಳಿದ. ಎರಡು ದಿನ ಯೋಚಿಸಿ ಆಗುವುದಿಲ್ಲ ಎಂದಳು. ಕೋಚ್ ಒಂದು ವಾರ ಅವಳ ಮುಖ ನೋಡಲಿಲ್ಲ.

ಇಪ್ಪತ್ತೆರಡನೇ ನಂಬರಿನವನ ಹೆಸರು ಗ್ರೆಗ್ ನೊವಾಕ್. ಹ್ಯಾಮ್‌ಟ್ರಾಮಿಕ್‌ನಲ್ಲಿ ಅತ್ತೆಯ ಮನೆಯ ಮಹಡಿಯಲ್ಲಿ ಹೆಂಡತಿ ಡೆನಿಸ್ ಜೊತೆ ಇದ್ದ. ವಯಸ್ಸು ಮೂವತ್ಮೂರು. ಸುಚೇತಾ ಬಂದ ವಿಷಯ ಹೇಳಿದಾಗ ಅವನು ನಕ್ಕ. ತನಗೆ ಹಾಕಿ ಮುಗಿಯಿತು, ಒಂಬತ್ತು ಗೋಲಿನವನಿಗೆ ಯಾರೂ ಫೋನ್ ಮಾಡುವುದಿಲ್ಲ, ಈಗ ಫರ್ನೇಸ್ ಮತ್ತು ಎಸಿ ರಿಪೇರಿಯ ಕೋರ್ಸಿಗೆ ಸೇರಿದ್ದೇನೆ, ಇನ್ನು ಮೇಲೆ ಒಂದು ಪಕ್ಕಾ ಕೆಲಸ ಬೇಕು ಎಂದ. ಡೆನಿಸ್ ಮಾತ್ರ, ಇವನು ಬೆಳಿಗ್ಗೆ ಎದ್ದು ಮೊದಲು ಸ್ಕೇಟ್ ಒರೆಸುತ್ತಾನೆ, ಆಮೇಲೆ ಕೋರ್ಸಿನ ಪುಸ್ತಕ ತೆಗೆಯುತ್ತಾನೆ ಎಂದಷ್ಟೇ ಹೇಳಿ ಕಾಫಿ ತರಲು ಎದ್ದಳು.

ಫರ್ನೇಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸುಚೇತಾಳಿಗೆ ದಾರಿ ಕಂಡಂತಾಯಿತು. ಅದರ ಮುಂದಿನ ಸೋಮವಾರ ಹ್ಯಾಂಕ್‌ನನ್ನು ನೋಡಲು ಎಲ್ಜಿನ್‌ಗೆ ಹೋದಳು. ಅಪ್ಪನೂ ಜೊತೆಗೆ ಬಂದಿದ್ದರು. ಎರಡು ದಿನಕ್ಕೆಂದು ಹೊರಟವರು ಆಗಲೇ ಮಗಳ ಮನೆಯ ಸೋಫಾದ ಮೇಲೆ ಬಿಡಾರ ಹೂಡಿದ್ದರು. ನೊವಾಕ್‌ನನ್ನು ಟ್ರೈನಿಯಾಗಿ ಕಂಪನಿಗೆ ಸೇರಿಸಿಕೊಂಡರೆ ಅವನು ಆಡಲು ಬರುತ್ತಾನೆ ಎಂದು ಅವಳು ಹೇಳಿದಾಗ ಹ್ಯಾಂಕ್ ಒಪ್ಪಲಿಲ್ಲ. ಫೆಬ್ರವರಿಯಲ್ಲಿ ನಾಲ್ವರನ್ನು ಮನೆಗೆ ಕಳಿಸಿದ್ದೇನೆ, ಒಬ್ಬ ಹದಿನೈದು ವರ್ಷ ನನ್ನ ಜೊತೆಗಿದ್ದವನು, ಅವರನ್ನು ಬಿಟ್ಟು ಒಬ್ಬ ಹಾಕಿ ಆಟಗಾರನಿಗೆ ಕೆಲಸ ಕೊಟ್ಟರೆ ಅವರ ಮುಖ ಹೇಗೆ ನೋಡಲಿ ಎಂದ.

ಕಾರಿನಲ್ಲಿ ಸುಚೇತಾ ಹುಬ್ಬು ಗಂಟಿಕ್ಕಿ ಕೂತಳು. ಹ್ಯಾಂಕ್‌ನನ್ನು ಇನ್ನೂ ಸ್ವಲ್ಪ ಒತ್ತಾಯಿಸಬೇಕಿತ್ತೇನೋ ಎಂದಳು. ಅಪ್ಪ ಬೇಡವೆಂದು ತಲೆಯಾಡಿಸಿದರು.

"ಅವನು ಹೇಳಿದ್ದು ಸರಿಯಾಗೇ ಇದೆ. ನಮ್ಮ ಲ್ಯಾಬ್‌ನಲ್ಲಿ ಹಾಗೆ ಯಾರನ್ನೋ ತಂದು ನನ್ನ ಕುರ್ಚೀಲಿ ಕೂರಿಸಿದ್ರೆ ನನಗೆ ಹೇಗಾಗ್ತಿತ್ತು? ಆ ನಾಲ್ಕು ಜನ ಮೊದಲು ವಾಪಸ್ ಬರ್ಲಿ. ನೊವಾಕ್‌ಗೆ ಹಾಗಂತಲೇ ಹೇಳು."

"ಅವನು ಕಾಯದೇ ಹೋದ್ರೆ?"

"ಬೇರೆಯವರನ್ನ ಹುಡುಕೋಣ. ನನಗೇನು ಈಗ ಆಫೀಸಿಗೆ ಹೋಗೋದಿದೆಯಾ?"

ಕೆಲಸ ಹೋದ ಮೇಲೆ ಅಪ್ಪ ಆ ವಿಷಯವನ್ನು ಹಗುರವಾಗಿ ಆಡಿದ್ದು ಅದೇ ಮೊದಲು. ಸುಚೇತಾ ಕಣ್ಣಂಚಿನಲ್ಲಿ ನೋಡಿದಳು. ಅವರು ಹೆದ್ದಾರಿಯ ಎಕ್ಸಿಟ್ ನಂಬರ್ ಓದುತ್ತ ಆರಾಮಾಗಿದ್ದರು.

ನೊವಾಕ್‌ಗೆ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಕೇಳಿಸಿಕೊಂಡು, ಬೇರೆಯವರ ಅನ್ನ ಕಿತ್ತುಕೊಂಡು ಬರುವುದು ತನಗೂ ಬೇಡ, ಆಗಸ್ಟ್ ಮಧ್ಯದವರೆಗೆ ಕಾಯುತ್ತೇನೆ ಎಂದ. ಕಾಯುವುದು ಸುಲಭವಾಗಿರಲಿಲ್ಲ. ಜುಲೈನಲ್ಲಿ ಡುಮಾಂಟ್ ಡೆಟ್ರಾಯಿಟ್ ಕಡೆಯ ಇನ್ನೊಂದು ತಂಡಕ್ಕೆ ಸಹಿ ಹಾಕಿದ. ಆ ಸುದ್ದಿಯ ಪ್ರಿಂಟನ್ನು ಕೋಚ್ ಅವಳ ಮೇಜಿನ ಮೇಲಿಟ್ಟು ಹೋದ. ಒಬ್ಬನೇ ಒಬ್ಬ ಹೊಸ ಫಾರ್ವರ್ಡ್ ಇಲ್ಲದೆ ಜುಲೈ ಕಳೆಯಿತು. ತಾನು ಟಿಕೆಟ್ ಮಾರಿಕೊಂಡೇ ಇರಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಆ ವರ್ಷ ಹೊಸ ಫರ್ನೇಸ್ ಹಾಕಿಸಿಕೊಂಡವರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ಚಳಿ ಶುರುವಾಗುವ ಮೊದಲೇ ಹಾಕಿಸಿಬಿಡೋಣ ಎಂದು ಜನ ಒಬ್ಬೊಬ್ಬರಾಗಿ ಬರತೊಡಗಿದರು. ಹ್ಯಾಂಕ್ ಜುಲೈ ಕೊನೆಗೆ ಇಬ್ಬರನ್ನು ಕರೆಸಿಕೊಂಡ, ಆಗಸ್ಟ್ ಮೊದಲ ವಾರ ಹದಿನೈದು ವರ್ಷ ಜೊತೆಗಿದ್ದವನನ್ನು. ಹನ್ನೆರಡನೇ ತಾರೀಖು ಹ್ಯಾಂಕ್ ತಾನೇ ಸುಚೇತಾಳ ಮೇಜಿನ ಹತ್ತಿರ ಬಂದು, ನಾಲ್ಕನೆಯವನೂ ಬಂದ, ಇನ್ನೂ ಒಬ್ಬ ಬೇಕು, ನಿನ್ನ ಹುಡುಗ ಎಲ್ಲಿ ಎಂದು ಕೇಳಿದ.

ನೊವಾಕ್ ಒಬ್ಬನೇ ಬರಲಿಲ್ಲ. ಮುಚ್ಚಿಹೋದ ತಂಡದಲ್ಲಿ ಎರಡು ವರ್ಷ ಅವನ ಎಡಕ್ಕೂ ಬಲಕ್ಕೂ ಆಡಿದವರಿಬ್ಬರಿದ್ದರು, ಮಾರ್ಕೆಟ್ ಎಂಬ ಉತ್ತರದ ಊರಿನ ಸಾರಿ ಮತ್ತು ವಯಂಡಾಟ್‌ನ ಪೆಟ್ರಿ. ಅವನು ಒಪ್ಪಿದ್ದು ಕೇಳಿ ಅವರೂ ಒಪ್ಪಿದರು. ಅವರಿಗೂ ಬೇರೆ ಯಾರ ಫೋನೂ ಬಂದಿರಲಿಲ್ಲ. ಮೂವರನ್ನು ಹುಡುಕಲು ಹೊರಟಿದ್ದ ಸುಚೇತಾಳಿಗೆ ಒಂದು ಇಡೀ ಸಾಲೇ ಸಿಕ್ಕಿತು. ಮೊದಲ ದಿನದ ಅಭ್ಯಾಸದಲ್ಲಿ ಅವರು ಒಬ್ಬರನ್ನೊಬ್ಬರು ನೋಡದೆಯೇ ಪಕ್ ದಾಟಿಸುವುದನ್ನು ಕಂಡು ಕೋಚ್ ಚ್ಯೂಯಿಂಗ್ ಗಮ್ ಅಗಿಯುವುದನ್ನು ಮರೆತು ನಿಂತ. ಹೊಗಳಲಿಲ್ಲ. ಆದರೆ ಸಂಜೆ ಹೋಗುವಾಗ ಅವಳಿಗೆ ಗುಡ್ ನೈಟ್ ಹೇಳಿದ.

ಆ ಋತುವಿನಲ್ಲಿ ಮೂರನೇ ಸಾಲು ಗೋಲಿನ ಮಳೆಯನ್ನೇನೂ ಸುರಿಸಲಿಲ್ಲ. ಇಳಿಯುತ್ತಿತ್ತು, ಪಕ್ ಅನ್ನು ಎದುರಾಳಿಗಳ ಮೂಲೆಗೆ ತಳ್ಳಿ ಅಲ್ಲೇ ಗುದ್ದಾಡುತ್ತಿತ್ತು, ನಲವತ್ತು ಸೆಕೆಂಡಿಗೆ ಬೆಂಚಿಗೆ ವಾಪಸಾಗುತ್ತಿತ್ತು. ಅಷ್ಟರಲ್ಲಿ ಮೊದಲ ಸಾಲಿನವರು ನೀರು ಕುಡಿದು ದಣಿವಾರಿಸಿಕೊಂಡಿರುತ್ತಿದ್ದರು. ಸೀಟುಗಳೂ ಸ್ವಲ್ಪ ಸ್ವಲ್ಪ ತುಂಬಿದವು. ನೊವಾಕ್ ಬೆಳಿಗ್ಗೆ ಜನರ ನೆಲಮಾಳಿಗೆಗಳಲ್ಲಿ ಫರ್ನೇಸ್ ಕಳಚುತ್ತಿದ್ದ. ರಿಪೇರಿ ಮಾಡಿಸಿಕೊಂಡವರು ಸಂಜೆ ಅವನ ಆಟ ನೋಡಲು ಮಕ್ಕಳೊಂದಿಗೆ ಬರುತ್ತಿದ್ದರು. ಅಪ್ಪ ಎರಡು ವಾರಕ್ಕೊಮ್ಮೆ ಟ್ರಾಯ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು ಕೂರುತ್ತಿದ್ದರು. ಜನವರಿಯ ಹೊತ್ತಿಗೆ ಕೋಚ್ ಪಂದ್ಯ ಮುಗಿದ ಮೇಲೆ ತಾನೇ ಅವರ ಹತ್ತಿರ ಬಂದು, ಇವತ್ತು ಯಾರು ಸವೆಯುತ್ತಿದ್ದಾರೆ ಎಂದು ಕೇಳುವ ರೂಢಿ ಮಾಡಿಕೊಂಡಿದ್ದ.

ಫೆಬ್ರವರಿಯ ಒಂದು ಶನಿವಾರ ಡುಮಾಂಟ್‌ನ ತಂಡ ಬಂತು. ಅಮ್ಮನೂ ಅವತ್ತು ರಜೆ ಹಾಕಿ ಬಂದಿದ್ದಳು. ಡುಮಾಂಟ್ ಮೊದಲ ಅವಧಿಯಲ್ಲೇ ಎರಡು ಗೋಲು ಹೊಡೆದ, ಎರಡೂ ಅಚ್ಚುಕಟ್ಟಾದ ಗೋಲುಗಳು. ಕ್ರೇನ್ಸ್ ಎರಡನೇ ಅವಧಿಯಲ್ಲಿ ಒಂದು ತೀರಿಸಿತು, ಮೂರನೆಯದರ ಮೊದಲಲ್ಲಿ ಇನ್ನೊಂದು. ಆಮೇಲೆ ನಿಧಾನವಾಗಿ ಆಟ ವಾಲತೊಡಗಿತು. ಆ ಕಡೆಯವರ ಸ್ಕೇಟುಗಳು ಭಾರವಾದವು, ಈ ಕಡೆಯವರಲ್ಲಿ ಇನ್ನೂ ಕಸುವಿತ್ತು. ಐದು ನಿಮಿಷ ಬಾಕಿಯಿರುವಾಗ ನೊವಾಕ್ ಮೂಲೆಯಿಂದ ತಳ್ಳಿದ ಪಕ್ ಸಾರಿಯ ಮೊಣಕಾಲಿಗೆ ಬಡಿದು ಬಲೆಯೊಳಗೆ ಉರುಳಿತು. ಅದಕ್ಕಿಂತ ಅವಲಕ್ಷಣದ ಗೋಲನ್ನು ಸುಚೇತಾ ಕಂಡಿರಲಿಲ್ಲ. ಮೂರಕ್ಕೆ ಎರಡು. ಗಾಜಿನ ಹಿಂದೆ ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಕಣ್ಣು ಮಂಜಾಗಿ, ಟಿಕೆಟ್ ಕೊಳ್ಳಲು ಬಂದವರಿಗೆ ಕಾಣದಂತೆ ಆ ಕಡೆ ತಿರುಗಿದಳು.

ಏಪ್ರಿಲ್‌ನಲ್ಲಿ ಕ್ರೇನ್ಸ್ ಮೊದಲ ಸುತ್ತು ಗೆದ್ದು ಎರಡನೆಯದರಲ್ಲಿ ಸೋತಿತು. ಹ್ಯಾಂಕ್ ಅವಳ ಬಾಗಿಲಿಗೆ ಮ್ಯಾನೇಜರ್ ಎಂಬ ಬೋರ್ಡು ಹಾಕಿಸಿದ. ಮುಂದಿನ ಭಾನುವಾರ ಅವಳು ಅಪ್ಪ ಅಮ್ಮನನ್ನೂ ನೊವಾಕ್ ದಂಪತಿಯನ್ನೂ ಷಿಕಾಗೋದ ಭಾರತೀಯ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಊಟಕ್ಕೆ ಕರೆದೊಯ್ದಳು. ಡೆನಿಸ್ ದೋಸೆಯನ್ನು ಕೈಯಲ್ಲೇ ಮುರಿದು ತಿಂದು, ಇನ್ನೊಂದು ತರಲು ಹೇಳಿದಳು. ಅಪ್ಪ ನೊವಾಕ್‌ಗೆ ಕಾರಿನ ಬಾಗಿಲಿನ ಕೀಲು ಹೇಗೆ ಸವೆಯುತ್ತದೆ ಎಂದು ಎರಡು ಚಮಚ ಹಿಡಿದು ತೋರಿಸುತ್ತಿದ್ದರು. ನೊವಾಕ್ ಅಷ್ಟೇ ಆಸಕ್ತಿಯಿಂದ ಫರ್ನೇಸಿನ ಫ್ಯಾನಿನಲ್ಲಿ ಮೊದಲು ಕೆಡುವುದು ಯಾವುದು ಎಂದು ಹೇಳುತ್ತಿದ್ದ. ಕಾಫಿ ಬಂದು ಆರಿತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

"ಇವರಿಬ್ರೂ ಸದ್ಯಕ್ಕೆ ಏಳೋ ಹಾಗೆ ಕಾಣಲ್ಲ" ಎಂದಳು ಅಮ್ಮ. "ಡೆನಿಸ್‌ಗೆ ಸೀರೆ ಅಂಗಡಿ ತೋರಿಸ್ಕೊಂಡು, ಹಾಗೇ ಕರಿಬೇವು ತಗೊಂಡು ಬರೋಣ ನಡಿ."

ಮೂವರು ಹೆಂಗಸರು ಎದ್ದು, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಏಪ್ರಿಲ್‌ನ ಎಳೆಬಿಸಿಲಿಗೆ ಹೊರಬಂದರು.