ಮಗ್ರಿಬ್‌ಗೆ ಮುಂಚೆ ಮುಚ್ಚಬೇಕಾದ ತೂತು

ಮೊರಾಕೋದ ಸೆಫ್ರೂ ಊರಿನ ರೇಡಿಯೋದಲ್ಲಿ ಬಾಂಗು ಕೂಗುತ್ತಿದ್ದದ್ದು ಒಂದು ಬ್ರೌಸರ್. ಇದು ಊರಿಗೆ ಗೊತ್ತಿರಲಿಲ್ಲ. ಸ್ಟುಡಿಯೋದ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಒಂದು ವೆಬ್ ಪುಟ ಸದಾ ತೆರೆದೇ ಇರುತ್ತಿತ್ತು. ಸೆಫ್ರೂವಿನ ಸೂರ್ಯ ಯಾವ ದಿನ ಎಷ್ಟು ಹೊತ್ತಿಗೆ ಮುಳುಗುತ್ತಾನೆಂಬುದು ಆ ಪುಟಕ್ಕೆ ತಿಳಿದಿತ್ತು. ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜಿನ ಹೊತ್ತು ಬಂದ ಕೂಡಲೇ ಅದು ತುಂಬು ಕಂಠದ ದನಿಯೊಂದನ್ನು ಗಾಳಿಗೆ ಬಿಡುತ್ತಿತ್ತು. ಆ ದನಿಯವನ ಆರೋಗ್ಯ ವಿಚಾರಿಸಿ ಆಗಾಗ ಯಾರಾದರೂ ಫೋನ್ ಮಾಡುವುದುಂಟು. ಚೆನ್ನಾಗಿದ್ದಾರೆ, ನಿಮ್ಮ ಸಲಾಮು ಮುಟ್ಟಿಸುತ್ತೇವೆ ಎಂದು ಕೇಂದ್ರದವರು ಹೇಳುತ್ತಿದ್ದರು.

ಆ ಬ್ರೌಸರಿನ ಯೋಗಕ್ಷೇಮ ಬತೂಲಳ ಪಾಲಿಗೆ ಬಿದ್ದಿತ್ತು. ಮೈಕು, ತಂತಿ, ಚಾವಣಿಯ ಮೇಲಿನ ಆಂಟೆನಾ, ಅದರ ಮೇಲೆ ಗೂಡು ಕಟ್ಟುವ ಕೊಕ್ಕರೆ, ಎಲ್ಲಕ್ಕೂ ಕೇಂದ್ರದಲ್ಲಿ ಅವಳೊಬ್ಬಳೇ ತಂತ್ರಜ್ಞೆ. ರಂಜಾನಿನ ಮೊದಲ ದಿನ ಬೆಳಿಗ್ಗೆ ಅವಳು ನಿರ್ದೇಶಕರಾದ ಸೀ ತಹಾಮಿಯವರ ಕೋಣೆಗೆ ಹೋಗಿ ನಿಂತಳು.

"ಬ್ರೌಸರಿನಲ್ಲಿ ತೂತು ಸಿಕ್ಕಿದೆಯಂತೆ, ಸೀ ತಹಾಮಿ. ಅದನ್ನ ಮಾಡಿದವರೇ ಹೇಳಿದಾರೆ. ಮುಚ್ಚೋಕೆ ಅಪ್‌ಡೇಟೂ ಕಳಿಸಿದಾರೆ. ಇವತ್ತೇ ಹಾಕ್ಬೇಕು."

"ಹೋದ ತಿಂಗಳೂ ಒಂದು ತೂತು ಅಂದಿದ್ದೆ."

"ಅದು ಬೇರೆ ತೂತು."

"ಅದಕ್ಕೂ ಮುಂಚೆ ಒಂದಿತ್ತಲ್ಲ?"

"ಅದೂ ಬೇರೇನೇ. ಒಂದನ್ನೂ ಮುಚ್ಚೋಕೆ ಬಿಡ್ಲಿಲ್ಲ ನೀವು."

"ಮಗಳೇ, ಇದೇನು ಬ್ರೌಸರೋ, ಕುಸ್‌ಕುಸ್ ಬೇಯಿಸೋ ತೂತಿನ ಪಾತ್ರೆಯೋ?"

ಬತೂಲ್ ನಗಲಿಲ್ಲ. ಹಸಿದ ಹೊಟ್ಟೆಯಲ್ಲಿ ನಗುವುದು ಕಷ್ಟ, ಅದರಲ್ಲೂ ಮೇಲಧಿಕಾರಿಯ ಹಾಸ್ಯಕ್ಕೆ. "ಈ ತೂತು ಕಳ್ಳರಿಗೆ ಗೊತ್ತಾಗಿಹೋಗಿದೆ. ಈಗಾಗ್ಲೇ ನುಗ್ತಿದಾರೆ. ನಮ್ಮ ಹುಡುಗರು ಅದೇ ಕಂಪ್ಯೂಟರಿನಲ್ಲಿ ಫುಟ್‌ಬಾಲ್ ಸುದ್ದಿ ನೋಡ್ತಾರೆ, ಅಡುಗೆ ನೋಡ್ತಾರೆ, ಎಲ್ಲಾ ನೋಡ್ತಾರೆ. ಒಂದು ಕೆಟ್ಟ ಪುಟ ತೆರೆದ್ರೆ ಸಾಕು, ಕಂಪ್ಯೂಟರ್ ಅವರದಾಗುತ್ತೆ. ಆಮೇಲೆ ಮಗ್ರಿಬ್ ಹೊತ್ತಿಗೆ ಅವರು ಏನು ಹಾಕಿದ್ರೆ ಊರಿಗೆ ಅದೇ."

"ಏನು ಹಾಕ್ತಾರೆ?"

"ಹಿಂದೆ ಎಲ್ಲೋ ಜೂಜಿನ ಜಾಹೀರಾತು ಹಾಕಿದ್ರಂತೆ."

"ಬಾಂಗಿನ ಹೊತ್ತಿಗೆ?"

"ಕಳ್ಳರು ಹೊತ್ತು ಗೊತ್ತು ನೋಡ್ತಾರಾ?"

ಸೀ ತಹಾಮಿ ಗಡ್ಡ ನೀವಿಕೊಂಡು ಗಂಭೀರವಾಗಿ ಯೋಚಿಸಿದರು. ಕೊನೆಗೆ, "ಹಬ್ಬ ಕಳೀಲಿ, ಹಾಕು," ಎಂದರು.

ಹೀಗೆನ್ನಲು ಅವರಿಗೆ ಕಾರಣವಿತ್ತು, ಅದು ಬತೂಲಳಿಗೂ ಗೊತ್ತಿತ್ತು. ಹೋದ ವರ್ಷದ ರಂಜಾನಿನಲ್ಲಿ ಇಂಥದೇ ಒಂದು ತೂತು ಮುಚ್ಚಲು ಅವಳು ಬ್ರೌಸರನ್ನು ಹೊಸದು ಮಾಡಿದ್ದಳು. ಹೊಸ ಬ್ರೌಸರು ಶಿಸ್ತಿನ ಸಿಪಾಯಿ. ಯಾರಾದರೂ ಪುಟವನ್ನು ಒಮ್ಮೆ ಒತ್ತದ ಹೊರತು ತಾನಾಗಿ ಸದ್ದು ಮಾಡಬಾರದೆಂಬ ನಿಯಮವನ್ನು ಅದು ಕಲಿತು ಬಂದಿತ್ತು. ಯಾರೂ ಒತ್ತಲಿಲ್ಲ. ಮಗ್ರಿಬ್ ಹೊತ್ತಿಗೆ ಸೆಫ್ರೂ ಮತ್ತು ಸುತ್ತಿನ ಗುಡ್ಡದ ಹಳ್ಳಿಗಳು ಖರ್ಜೂರ ಕೈಯಲ್ಲಿ ಹಿಡಿದು ರೇಡಿಯೋ ನೋಡುತ್ತಾ ಕೂತವು. ರೇಡಿಯೋ ಉಸಿರೆತ್ತಲಿಲ್ಲ. ಬಾಂಗಿಗೆಂದು ಮೀಸಲಿಟ್ಟ ಹೊತ್ತೆಲ್ಲ ಮೌನವಾಗಿ ಕಳೆದ ಮೇಲೆ, ಸರದಿಯಂತೆ ಬಟ್ಟೆ ಸೋಪಿನ ಜಾಹೀರಾತು ಬಂತು. ಆ ದಿನ ಊರು ಸೋಪಿನ ಜಾಹೀರಾತಿಗೆ ಉಪವಾಸ ಬಿಟ್ಟಿತು.

ಮಸೀದಿಗಳಿರಲಿಲ್ಲವೇ ಅಂದರೆ, ಇದ್ದವು. ಆದರೆ ಮಸೀದಿಯ ದನಿ ಗಾಳಿ ಬೀಸಿದ ಕಡೆ ಹೋಗುತ್ತದೆ, ರೇಡಿಯೋ ಊಟದ ಮೇಜಿನ ಮೇಲೇ ಕೂತಿರುತ್ತದೆ. ಇಲ್ಲಿನವರಿಗೆ ಮೇಜಿನ ಮೇಲಿನದೇ ಪ್ರಮಾಣ.

ಮರುದಿನ ಬತೂಲಳ ತಾಯಿ ಲಲ್ಲಾ ತಾಮೂ ರೊಟ್ಟಿ ಸುಡಿಸಲು ಓಣಿಯ ಒಲೆಗೆ ಹೋದಾಗ, "ತಾಮೂ, ಇವತ್ತು ನಿನ್ನ ಮಗಳು ಊಟಕ್ಕೆ ಬಿಡ್ತಾಳಾ, ಇಲ್ಲಾ ಬಟ್ಟೆ ನೆನೆಸಿಡಬೇಕಾ?" ಎಂದು ಯಾರೋ ಕೇಳಿದರು. ಹೆಂಗಸರೆಲ್ಲ ಹಿಟ್ಟಿನ ಹಲಗೆ ತಲೆಯ ಮೇಲಿಟ್ಟುಕೊಂಡೇ ನಕ್ಕರು. ತಾಮೂ ಒಂದು ಮಾತಿಗೆ ಹತ್ತು ಮಾತು ತಿರುಗಿಸುವ ಹೆಂಗಸು. ಅವತ್ತು ಮಾತ್ರ ಏನೂ ಹೇಳದೆ ಮನೆಗೆ ಬಂದು ರೇಡಿಯೋದ ಕಿವಿ ಹಿಂಡಿ ಪಕ್ಕದ ಫೆಸ್ ನಗರದ ಕೇಂದ್ರಕ್ಕೆ ತಿರುಗಿಸಿದಳು. ಅಂದಿನಿಂದ ಆ ಮನೆಯಲ್ಲಿ ಮಗಳ ಕೇಂದ್ರ ಹಾಡಲಿಲ್ಲ. ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ. ಬತೂಲಳಿಗೆ ಊರು ನಕ್ಕದ್ದಕ್ಕಿಂತ ಇದೇ ಹೆಚ್ಚು ನೋಯುತ್ತಿತ್ತು. ತನ್ನ ಕೇಂದ್ರದ ದನಿಗೆ ತನ್ನ ತಾಯಿ ಮತ್ತೊಮ್ಮೆ ಖರ್ಜೂರ ಬಾಯಿಗಿಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಈ ವರ್ಷದ ಆ ಬೆಳಿಗ್ಗೆ ಅವಳು ಕೋಣೆಯಿಂದ ಹೊರಡುವಾಗ ಸೀ ತಹಾಮಿ ಹಿಂದಿನಿಂದ ಹೇಳಿದರು: "ಬತೂಲ್, ಈ ಸಲ ಮಗ್ರಿಬ್ ತಪ್ಪಿದ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೊಳಮ್ಮ. ಬೇಜಾರಿನಿಂದಲೇ ಹೇಳ್ತಿದೀನಿ."

ಹೀಗಾಗಿ ಅಪ್‌ಡೇಟ್ ಹಾಕಿದರೆ ಒಂದು ಭಯ, ಹಾಕದಿದ್ದರೆ ಇನ್ನೊಂದು. ಜೂಜಿನ ಜಾಹೀರಾತಿಗೆ ಊರು ಉಪವಾಸ ಬಿಟ್ಟರೆ ತಾಯಿ ರೇಡಿಯೋವನ್ನೇ ಬಾವಿಗೆ ಹಾಕಿಯಾಳು. ಮಧ್ಯಾಹ್ನ ಸೀ ತಹಾಮಿ ನಮಾಜಿಗೆ ಹೋದ ಹೊತ್ತು ನೋಡಿ ಬತೂಲ್ ಅಪ್‌ಡೇಟ್ ಹಾಕಿದಳು. ಬ್ರೌಸರು ಮುಚ್ಚಿತು, ತೆರೆಯಿತು. ತೂತು ಇದ್ದ ಗುರುತೂ ಇಲ್ಲ, ಮುಚ್ಚಿದ ಗುರುತೂ ಇಲ್ಲ. ಈ ಕಸುಬಿನ ಹಣೆಬರಹವೇ ಅಷ್ಟು. ದರ್ಜಿ ಹಾಕಿದ ತೇಪೆಯಾದರೂ ಕಣ್ಣಿಗೆ ಕಾಣುತ್ತದೆ.

ಹೋದ ವರ್ಷದ ತಪ್ಪು ಮರುಕಳಿಸಬಾರದೆಂದು ಅವಳು ಪುಟವನ್ನು ಒತ್ತಿದಳು. ಪುಟದಲ್ಲಿದ್ದ ಪರೀಕ್ಷೆಯ ಗಂಟೆ ಟಿಣ್ ಎಂದಿತು. ನೆಮ್ಮದಿಗೆಂದು ಮತ್ತೊಮ್ಮೆ ಒತ್ತಿದಳು. ಮತ್ತೊಮ್ಮೆ ಟಿಣ್ ಎಂದಿತು. ಇನ್ನೇನು ಬೇಕು ಎಂದುಕೊಂಡು ಚಾವಣಿ ಹತ್ತಿ, ಆಂಟೆನಾದ ಸಡಿಲ ತಂತಿ ಬಿಗಿ ಮಾಡಲು ಕೂತಳು. ಹೋದ ವರ್ಷ ಕಳ್ಳ ಬಂದ ಬಾಗಿಲನ್ನೇ ಕಾಯುತ್ತ ಕೂತರೆ ಹಿತ್ತಿಲನ್ನು ನೋಡುವವರು ಯಾರು?

ಸಂಜೆ ಅವಳು ಕೆಳಗಿಳಿದಾಗ ಸ್ಟುಡಿಯೋದ ಕಿಟಕಿಯಲ್ಲಿ ಸೂರ್ಯ ಗುಡ್ಡದ ಅಂಚಿಗೆ ಬಂದು ಕೂತಿದ್ದ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮನೆಮನೆಯಿಂದ ಹರೀರಾ ಸಾರಿನ ವಾಸನೆ ಏಳುತ್ತಿತ್ತು. ಬತೂಲ್ ಪುಟದ ಕಡೆ ಕಣ್ಣು ಹಾಯಿಸಿದಳು. ಮಗ್ರಿಬ್‌ಗೆ ಇನ್ನೂ ಒಂದು ಗಂಟೆಯ ಮೇಲಿದೆ ಎಂದು ಪುಟ ಹೇಳುತ್ತಿತ್ತು.

ಗೋಡೆ ಗಡಿಯಾರ ನೋಡಿದಳು. ಕೈಫೋನು ನೋಡಿದಳು. ಮತ್ತೆ ಸೂರ್ಯನನ್ನು ನೋಡಿದಳು. ಮೂವರದೂ ಒಂದೇ ಮಾತು, ಬ್ರೌಸರಿನದು ಮಾತ್ರ ಬೇರೆ.

ನಮ್ಮಲ್ಲಿ ವರ್ಷವೆಲ್ಲ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ರಂಜಾನ್ ಬಂತೆಂದರೆ ಸರ್ಕಾರ ಅದನ್ನು ಒಂದು ಗಂಟೆ ಹಿಂದಿಡುತ್ತದೆ, ಹಬ್ಬ ಕಳೆದ ಮೇಲೆ ಮತ್ತೆ ಮುಂದೆ. ಆ ತಿಂಗಳಲ್ಲಿ ಯಾರನ್ನೇ ಭೇಟಿಗೆ ಕರೆದರೂ "ಹಳೇ ಗಂಟೆಯೋ ಹೊಸ ಗಂಟೆಯೋ?" ಎಂದು ಕೇಳದೆ ಬರುವುದಿಲ್ಲ. ಸ್ಟುಡಿಯೋದ ಹಳೇ ಬ್ರೌಸರಿಗೆ ಈ ಏರ್ಪಾಡು ತಿಳಿದಿರಲಿಲ್ಲ. ಅದಕ್ಕೇ ಸೀ ತಹಾಮಿ ಹಿಂದಿನ ಭಾನುವಾರ ಖುದ್ದಾಗಿ ಬಂದು ಕಂಪ್ಯೂಟರಿನ ಗಡಿಯಾರವನ್ನು ಕೈಯಾರೆ ಒಂದು ಗಂಟೆ ಹಿಂದಿಟ್ಟಿದ್ದರು. ಹೊಸ ಬ್ರೌಸರು ಎಲ್ಲ ತಿಳಿದುಕೊಂಡೇ ಬಂದಿತ್ತು. ಮೊರಾಕೋ, ರಂಜಾನ್, ಒಂದು ಗಂಟೆ ಹಿಂದೆ ಎಂದು ಲೆಕ್ಕ ಹಾಕಿ, ಆಗಲೇ ಹಿಂದಿಟ್ಟಿದ್ದ ಗಡಿಯಾರವನ್ನು ತಾನೂ ಹಿಂದಿಟ್ಟಿತು. ಒಂದೇ ಕೂಸಿಗೆ ಇಬ್ಬರು ಸೂಲಗಿತ್ತಿಯರು.

ಪುಟದಲ್ಲಿ ಬಾಂಗನ್ನು ಕೈಯಾರೆ ಕೂಗಿಸುವ ದಾರಿಯಿರಲಿಲ್ಲ; ಗಡಿಯಾರ ಸರಿಪಡಿಸಿದರೆ ಮುಗಿಯಿತು. ಆದರೆ ಬ್ರೌಸರಿಗೆ ಬೇಡವಾಗಿದ್ದ ಅಪ್ಪಣೆ ಗಡಿಯಾರಕ್ಕೆ ಬೇಕಿತ್ತು, ಅದರ ಪಾಸ್‌ವರ್ಡ್ ಸೀ ತಹಾಮಿಯವರ ತಲೆಯಲ್ಲಿತ್ತು. ಹೋದ ವರ್ಷದ ಸೋಪಿನ ನಂತರ ಅವರು ಮಾಡಿದ ಮೊದಲ ಕೆಲಸವೇ ಈ ಬೀಗ ಹಾಕಿದ್ದು.

ಬತೂಲ್ ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಗಡಿಯಾರಕ್ಕೆ ಕೈ ಹಾಕಿದವರು ನೀವು ಎಂದು ನಾಳೆ ಬೆರಳು ತೋರಿಸಬಹುದಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅಷ್ಟರಲ್ಲಿ ಊರು ಇನ್ನೊಂದು ಸಲ ಸೋಪಿಗೆ ಕಾಯುತ್ತ ಕೂತಿರುತ್ತಿತ್ತು. ಅವಳು ಎದ್ದು ಹೋಗಿ ನಿರ್ದೇಶಕರ ಕೋಣೆಯ ಬಾಗಿಲು ತಳ್ಳಿದಳು. ಮೊದಲ ದಿನವಾದ್ದರಿಂದ ಸೀ ತಹಾಮಿ ಮನೆಗೆ ಹೋಗದೆ, ಮನೆಯಿಂದ ಬಂದ ಹರೀರಾ, ಖರ್ಜೂರ, ಬೇಯಿಸಿದ ಮೊಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಅವುಗಳನ್ನು ನೋಡುತ್ತಾ ಕೂತಿದ್ದರು.

"ಸೀ ತಹಾಮಿ, ಅಪ್‌ಡೇಟ್ ಹಾಕ್ಬಿಟ್ಟೆ. ಬ್ರೌಸರ್ ಒಂದು ಗಂಟೆ ಹಿಂದೆ ಹೋಗಿದೆ. ಪಾಸ್‌ವರ್ಡ್ ಬೇಕು."

ಅವರು ಮೊಟ್ಟೆಯಿಂದ ಕಣ್ಣೆತ್ತಿದರು. "ಯಾವಾಗ ಹಾಕ್ದೆ?"

"ನೀವು ನಮಾಜಿಗೆ ಹೋದಾಗ."

"ನಾನು ದೇವರ ಮುಂದೆ ತಲೆ ಬಗ್ಗಿಸಿದಾಗ ನೀನು ಹಿಂದಿನಿಂದ ಇದನ್ನ ಮಾಡಿದೆ."

"ಹೌದು."

ಉಪವಾಸದಲ್ಲಿ ಬೈಯಬಾರದು. ಸೀ ತಹಾಮಿ ಬೈಯಲಿಲ್ಲ. ಬೈಯದೆ ಇದ್ದದ್ದು ಅವರ ಕಿವಿಗಳಲ್ಲಿ ಕೆಂಪಗೆ ಕಾಣುತ್ತಿತ್ತು. ಸ್ಟುಡಿಯೋಗೆ ಬಂದು ಒಂದೇ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ಕಳ್ಳರಿಗೆ ಸಿಗಬಾರದೆಂದು ಅವರು ಅದನ್ನು ಬಹಳ ಉದ್ದ ಮಾಡಿಟ್ಟಿದ್ದರು. ಕಂಪ್ಯೂಟರ್ ಒಪ್ಪಲಿಲ್ಲ. ಮತ್ತೆ ಒತ್ತಿದರು, ಮತ್ತೆ ಒಪ್ಪಲಿಲ್ಲ. ಮೂರನೆಯ ಸಲ ಕಂಪ್ಯೂಟರಿಗೇ ಅನುಮಾನ ಬಂದು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು.

"ನಿಮ್ಮನ್ನ ಕಳ್ಳ ಅಂದ್ಕೊಂಡಿದೆ," ಎಂದಳು ಬತೂಲ್.

"ಅದರ ಬುದ್ಧಿ ನೋಡು. ನಿನ್ನನ್ನ ಬಿಟ್ಕೊಂಡು ನನ್ನ ತಡೀತು."

ಸೂರ್ಯ ಅರ್ಧ ಇಳಿದಿದ್ದ. ಬತೂಲ್ ಕೈಫೋನು ತೆಗೆದಳು. "ಇದರಲ್ಲಿ ಬಾಂಗು ಇದೆ. ಮೈಕಿಗೆ ಹಿಡೀತೀನಿ."

"ಯಾರ ದನಿ ಅದು?"

"ಗೊತ್ತಿಲ್ಲ. ಮಕ್ಕಾದ್ದಿರಬೇಕು."

"ಮಕ್ಕಾದವರು ಊಟ ಮುಗಿಸಿ ಎಷ್ಟೋ ಹೊತ್ತಾಯ್ತು. ಇದು ಸೆಫ್ರೂ. ಬೇರೆ ರಾಗದಲ್ಲಿ ಕೂಗಿದ್ರೆ ನಮ್ಮ ಹೆಂಗಸರು ಖರ್ಜೂರ ವಾಪಸ್ ತಟ್ಟೆಗೆ ಇಡ್ತಾರೆ."

"ಹಾಗಾದ್ರೆ ನೀವೇ ಕೂಗಿ."

ಅವರು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಸೀ ತಹಾಮಿಯ ತಂದೆ ಹಳೇ ಪೇಟೆಯ ಮಸೀದಿಯಲ್ಲಿ ಸಾಯುವವರೆಗೂ ಬಾಂಗು ಕೂಗಿದವರು. ಆ ಜಾಗಕ್ಕೆ ಮಗ ಬರುತ್ತಾನೆಂದೇ ಎಲ್ಲರೂ ತಿಳಿದಿದ್ದರು. ಮಗ ಒಂದು ಸಲ ಕೂಗಿದ. ಎಣ್ಣೆ ಕಾಣದ ಬಾಗಿಲಿನ ಹಾಗಿದೆ ಎಂದು ತಂದೆಯೇ ಅಂದುಬಿಟ್ಟರು. ಅದಾದ ಮೇಲೆ ಸೀ ತಹಾಮಿ ಬೇರೆಯವರ ದನಿಗಳಿಗಾಗಿ ಒಂದು ರೇಡಿಯೋ ಕೇಂದ್ರವನ್ನೇ ಕಟ್ಟಿದರು, ಮೈಕಿನ ಮುಂದೆ ಮಾತ್ರ ಒಂದು ದಿನವೂ ಕೂರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಬತೂಲಳಿಗೂ ಗೊತ್ತಿತ್ತು. ಗೊತ್ತಿದ್ದೇ ಅಂದಳು, ಅಂದ ಮೇಲೆ ಅವಳಿಗೆ ನಾಚಿಕೆಯಾಯಿತು.

"ನನ್ನ ದನಿ ಕೇಳಿದೀಯಾ?" ಎಂದರು ಅವರು.

"ದಿನಾ ಕೇಳ್ತೀನಿ."

"ಮಾತಾಡೋದಲ್ಲ."

"ಗೊತ್ತು. ಸೋಪಿಗಿಂತ ವಾಸಿ ಇರುತ್ತೆ, ಸೀ ತಹಾಮಿ."

ಕಿಟಕಿಯಲ್ಲಿ ಸೂರ್ಯನ ಕೊನೆಯ ಚೂರೂ ಹೋಯಿತು. ಬತೂಲ್ ಪುಟವನ್ನು ಮುಚ್ಚಿ ಮೈಕಿನ ಗುಂಡಿ ಏರಿಸಿದಳು. ಸೀ ತಹಾಮಿ ಎದ್ದು ನಿಂತು, ಎರಡೂ ಕಿವಿಗೆ ಕೈ ಇಟ್ಟು, ಕಣ್ಣು ಮುಚ್ಚಿ ಕೂಗಿದರು.

ತಂದೆ ಸುಳ್ಳು ಹೇಳಿರಲಿಲ್ಲ. ದನಿ ಏರಬೇಕಾದಲ್ಲಿ ಒಡೆಯಿತು, ಇಳಿಯಬೇಕಾದಲ್ಲಿ ಸಿಕ್ಕಿಕೊಂಡಿತು, ನಡುವೆ ಒಂದು ಕಡೆ ಕೆಮ್ಮೂ ಬಂತು. ಅವರು ನಿಲ್ಲಿಸಲಿಲ್ಲ. ಒಂದು ಶಬ್ದ ಬಿಡದೆ, ಒಂದು ಶಬ್ದ ಓಡಿಸದೆ, ಕೊನೆಯವರೆಗೂ ಕೂಗಿದರು. ಮುಗಿಸಿ ಕಣ್ಣು ತೆರೆದಾಗ ಕಣ್ಣು ಒದ್ದೆಯಾಗಿತ್ತು. ಬತೂಲ್ ಅವರ ಮೇಜಿನ ಊಟವನ್ನೆಲ್ಲ ತಂದಿಟ್ಟು ಖರ್ಜೂರದ ತಟ್ಟೆ ಮುಂದೆ ಹಿಡಿದಳು. ಇಬ್ಬರೂ ಒಂದೊಂದು ತಿಂದು ನೀರು ಕುಡಿದರು.

"ನಿನ್ನ ಆ ತೂತಿನಿಂದ ಇವತ್ತು ಯಾರಾದ್ರೂ ಬಂದ್ರಾ?" ಎಂದು ಕೇಳಿದರು ಸೀ ತಹಾಮಿ.

"ಇಲ್ಲ."

"ಮತ್ತೆ ಮುಚ್ಚಿದ್ದು ಯಾಕೆ?"

"ಮುಚ್ಚಿದ್ದಕ್ಕೇ ಬರ್ಲಿಲ್ಲ."

"ಮುಚ್ಚದಿದ್ರೂ ಬರ್ತಿರ್ಲಿಲ್ಲವೇನೋ."

 ಬತೂಲ್ ಇನ್ನೊಂದು ಖರ್ಜೂರ ತೆಗೆದುಕೊಂಡಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಯಾರಪ್ಪಾ ಅದು ಕೂಗಿದ್ದು? ನಮ್ಮ ಕತ್ತೆ ಗಾಬರಿ ಬಿದ್ದಿದೆ," ಎಂದ ಹಳ್ಳಿಯವನೊಬ್ಬ. ಇಟ್ಟ ಕೂಡಲೇ ಇನ್ನೊಂದು. ಆ ಒಳ್ಳೇ ದನಿಯವರು ತೀರಿಕೊಂಡರಾ ಎಂದು ಮುದುಕಿಯೊಬ್ಬಳು ವಿಚಾರಿಸಿದಳು. ಕೂಗಿದವನಿಗೆ ಗಂಟಲು ವೈದ್ಯರೊಬ್ಬರ ವಿಳಾಸ ಬೇಕೇ ಎಂದು ಇನ್ನೊಬ್ಬ ಕೇಳಿದ. ಎಲ್ಲರೂ ಬೈಯುತ್ತಿದ್ದರು, ಎಲ್ಲರ ಬಾಯಲ್ಲೂ ಊಟವಿತ್ತು. ಹರೀರಾ ಸುರಿಯುವ ಸದ್ದು, ಮೊಟ್ಟೆ ಜಗಿಯುವ ಸದ್ದು ಬತೂಲಳಿಗೆ ಚೆನ್ನಾಗಿ ಕೇಳುತ್ತಿತ್ತು. ಅವಳು ಒಬ್ಬೊಬ್ಬರ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡು ಧನ್ಯವಾದ ಹೇಳಿದಳು. ಸೀ ತಹಾಮಿ ಹರೀರಾದ ಬಟ್ಟಲಿಗೆ ಮುಖ ಹಾಕಿಕೊಂಡು ಕೂತಿದ್ದರು. ಅವರ ಕಿವಿಗಳು ಮತ್ತೆ ಕೆಂಪಾಗಿದ್ದವು, ಆದರೆ ಈ ಕೆಂಪು ಬೇರೆ.

"ನಾಳೇನೂ ನಾನೇ ಕೂಗ್ಲಾ?" ಎಂದು ಅವರು ಬಟ್ಟಲಿಗೇ ಕೇಳಿದರು.

ಬತೂಲ್ ಉತ್ತರ ಕೊಡುವ ಮುಂಚೆ ಫೋನ್ ಇನ್ನೊಮ್ಮೆ ಹೊಡೆದುಕೊಂಡಿತು.

"ಹಲೋ, ರೇಡಿಯೋದವರಾ? ಆ ಕೂಗಿದ ಮನುಷ್ಯನಿಗೆ ಸ್ವಲ್ಪ ಬಿಸಿಹಾಲಿಗೆ ಜೇನು ಹಾಕಿ ಕೊಡಿ. ಬಾಂಗು ಮುಗಿಯೋದ್ರೊಳಗೆ ಸತ್ತೇ ಹೋಗ್ತಾನೆ ಅಂತ ಖರ್ಜೂರ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ."

ಬತೂಲ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಯೆಮ್ಮಾ," ಎಂದಳು, "ಫೆಸ್‌ನಲ್ಲಿ ಬಾಂಗು ಸರಿಯಾಗೇ ಆಗಿರ್ಬೇಕಲ್ಲ? ನೀನು ಕೇಳೋದು ಅದನ್ನೇ ಅಲ್ವಾ?"

ಆ ಕಡೆ ತಾಯಿ ಏನನ್ನೋ ನಿಧಾನವಾಗಿ ಅಗಿದು ನುಂಗಿದಳು.

"ಫೆಸ್‌ನಲ್ಲಿ ಏನಾಯ್ತೋ ನನಗೇನು ಗೊತ್ತು," ಎಂದಳು ಲಲ್ಲಾ ತಾಮೂ. "ಮನೆಗೆ ಬಾ, ಹರೀರಾ ಆರ್ತಿದೆ."